ಮೊದಲ ಸಲ ಕ್ರೂಸ್: ವಯಸ್ಸಾದ ಅಪ್ಪ ಅಮ್ಮ, ಪುಟ್ಟ ಮಗು ಜೊತೆಗಿದ್ದಾರೆ. ಏನೇನು ಗೊತ್ತಿರಬೇಕು?

ಮೊದಲ_ಪಯಣ:

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಏಳು ರಾತ್ರಿಯ ಕ್ರೂಸ್‌ಗೆ ಹೊರಟಿದ್ದೇವೆ. ನಾನು, ಹೆಂಡತಿ, ಎರಡು ವರ್ಷದ ಮಗಳು, ಜೊತೆಗೆ ಅಪ್ಪ ಅಮ್ಮ. ನಮ್ಮಲ್ಲಿ ಯಾರೂ ಈವರೆಗೆ ಹಡಗು ಹತ್ತಿಲ್ಲ. ಬುಕಿಂಗ್ ಆಗಿದೆ. ಕ್ಯಾಬಿನ್ ಮಾತ್ರ ಇನ್ನೂ ಆರಿಸಿಲ್ಲ. ನಾವೇ ಆರಿಸಬಹುದು, ಇಲ್ಲವಾದರೆ ಕಂಪನಿಯೇ ಯಾವುದಾದರೂ ಒಂದನ್ನು ಕೊಡುತ್ತದಂತೆ.

ವಿಡಿಯೋಗಳಲ್ಲಿ ಬರೀ ಈಜುಕೊಳ, ಊಟ, ಡ್ಯಾನ್ಸ್ ತೋರಿಸುತ್ತಾರೆ. ನನಗೆ ಬೇಕಿರುವುದು ಬೇರೆ. ಅಮ್ಮನಿಗೆ ಬಸ್ಸಿನಲ್ಲೇ ವಾಂತಿ ಬರುತ್ತದೆ, ಹಡಗಿನಲ್ಲಿ ಹೇಗೋ ಏನೋ. ಅಪ್ಪನಿಗೆ ಮೊಣಕಾಲು ನೋವು, ಶುಗರ್ ಕೂಡ ಇದೆ. ಬಂದರಿನಲ್ಲಿ ಇಳಿದ ಮೇಲೆ ನಾವೇ ಸುತ್ತಾಡಬಹುದಾ, ಇಲ್ಲ ಹಡಗಿನವರ ಟೂರ್ ತೆಗೆದುಕೊಳ್ಳಲೇಬೇಕಾ? ಟಿಪ್ಸ್ ಯಾರಿಗೆ, ಯಾವಾಗ ಕೊಡಬೇಕು?

ಇನ್ನೊಂದು ವಿಷಯ. ಸಾವಿರಾರು ಜನ ಒಂದೇ ಕಡೆ ಇರುವ ಜಾಗ ಅದು. ಮಗು ಅಳುತ್ತದೆ, ಓಡುತ್ತದೆ, ಕಂಡಿದ್ದನ್ನೆಲ್ಲಾ ಮುಟ್ಟುತ್ತದೆ. ನಮ್ಮಿಂದ ಬೇರೆಯವರ ರಜೆ ಹಾಳಾಗಬಾರದು. ಹಡಗಿನ ರೀತಿ ರಿವಾಜು ಏನು, ಯಾವುದನ್ನು ಮಾಡಿದರೆ ಜನ ಬೇಜಾರು ಮಾಡಿಕೊಳ್ಳುತ್ತಾರೆ, ಅನುಭವ ಇರುವವರು ದಯವಿಟ್ಟು ಹೇಳಿ.

ಕಡಲಹಕ್ಕಿ:

ಮೊದಲು ಕ್ಯಾಬಿನ್ ವಿಷಯ ಮುಗಿಸಿಬಿಡೋಣ, ಯಾಕೆಂದರೆ ನಿಮ್ಮ ಅಮ್ಮನ ತೊಂದರೆ, ಅಪ್ಪನ ಮೊಣಕಾಲು, ಮಗುವಿನ ನಿದ್ದೆ ಮೂರೂ ಅದರ ಮೇಲೇ ನಿಂತಿವೆ. ಕಂಪನಿಗೆ ಬಿಡಬೇಡಿ, ನೀವೇ ಆರಿಸಿ.

ಹಡಗಿನ ಉದ್ದದಲ್ಲಿ ನಡುಭಾಗ, ಎತ್ತರದಲ್ಲಿ ಆದಷ್ಟು ಕೆಳಗಿನ ಡೆಕ್, ಅಂದರೆ ಮಹಡಿ. ಏತದ ಹಲಗೆಯ ತುದಿಯಲ್ಲಿ ಕೂತವರು ಏರಿಳಿಯುತ್ತಾರೆ, ನಡುವೆ ಕೂತವರಿಗೆ ಅಷ್ಟು ಗೊತ್ತಾಗುವುದಿಲ್ಲ, ಅಲ್ವಾ, ಇಲ್ಲಿಯೂ ಅಷ್ಟೇ. ಮೂತಿಯ ಕಡೆ, ಬಾಲದ ಕಡೆ, ತೀರಾ ಮೇಲಿನ ಡೆಕ್‌ಗಳಲ್ಲಿ ಅಲುಗಾಟ ಜಾಸ್ತಿ. ಹಡಗಿಗೆ ಎರಡೂ ಬದಿಯಲ್ಲಿ ನೀರೊಳಗೆ ರೆಕ್ಕೆಯಂಥ ಸ್ಟೆಬಿಲೈಜರ್‌ಗಳಿರುತ್ತವೆ. ಅವು ಎಡಕ್ಕೆ ಬಲಕ್ಕೆ ವಾಲುವುದನ್ನು ತುಂಬಾ ಕಡಿಮೆ ಮಾಡುತ್ತವೆ. ಆದರೆ ಮುಂದೆ ಹಿಂದೆ ಏರಿಳಿಯುವುದನ್ನು ತಡೆಯುವುದಿಲ್ಲ. ಅದಕ್ಕೇ ನಡುಭಾಗ ಎಂದು ಒತ್ತಿ ಹೇಳುತ್ತಿರುವುದು.

ಎರಡನೆಯದು, ಡೆಕ್ ನಕ್ಷೆ ತೆಗೆದು ನಿಮ್ಮ ಕ್ಯಾಬಿನ್ ಮೇಲೆ ಏನಿದೆ, ಕೆಳಗೆ ಏನಿದೆ ನೋಡಿ. ಎರಡೂ ಕಡೆ ಕ್ಯಾಬಿನ್‌ಗಳೇ ಇದ್ದರೆ ಒಳ್ಳೆಯದು. ಮೇಲೆ ಈಜುಕೊಳದ ಡೆಕ್ ಇದ್ದರೆ ಬೆಳಗಿನ ಜಾವವೇ ಕುರ್ಚಿ ಎಳೆಯುವ ಸದ್ದು ಶುರುವಾಗುತ್ತದೆ. ಕೆಳಗೆ ಥಿಯೇಟರ್ ಅಥವಾ ಕ್ಲಬ್ ಇದ್ದರೆ ಮಧ್ಯರಾತ್ರಿವರೆಗೂ ಧಡ್ ಧಡ್. ಮೂತಿಯ ಹತ್ತಿರ ಕೆಳಗಿನ ಡೆಕ್ ಆದರೆ ಬಂದರು ತಲುಪುವ ಬೆಳಗ್ಗೆ ಲಂಗರಿನ ಸರಪಳಿ, ಹಡಗನ್ನು ಪಕ್ಕಕ್ಕೆ ತಳ್ಳುವ ಥ್ರಸ್ಟರ್, ಎರಡೂ ಸೇರಿ ಮಂಚವೇ ನಡುಗುತ್ತದೆ.

ಮೊಣಕಾಲು ನೋವು ಇರುವವರಿಗೆ ಇನ್ನೂ ಒಂದು ಮಾತು. ಈಗಿನ ದೊಡ್ಡ ಹಡಗುಗಳು 300 ಮೀಟರ್ ದಾಟುತ್ತವೆ. 2024ರಲ್ಲಿ ಪ್ರಯಾಣ ಶುರು ಮಾಡಿದ ಐಕಾನ್ ಆಫ್ ದಿ ಸೀಸ್ ಸುಮಾರು 365 ಮೀಟರ್ ಉದ್ದ. ಕ್ಯಾಬಿನ್ ಒಂದು ತುದಿ, ಊಟದ ಹಾಲ್ ಇನ್ನೊಂದು ತುದಿ ಆದರೆ ದಿನಕ್ಕೆ ಮೂರು ಹೊತ್ತು ಅಪ್ಪ ಅಷ್ಟು ದೂರ ನಡೆಯಬೇಕು. ಲಿಫ್ಟ್‌ನಿಂದ ನಾಲ್ಕೈದು ಬಾಗಿಲು ಆಚೆ ಇರುವ ಕ್ಯಾಬಿನ್ ಹುಡುಕಿ. ಲಿಫ್ಟ್‌ನ ಎದುರೇ ಬೇಡ, ಜನ ಮಾತಾಡುತ್ತಾ ನಿಲ್ಲುತ್ತಾರೆ. ವೀಲ್‌ಚೇರ್ ಬೇಕೆನಿಸಿದರೆ ಮೊದಲೇ ವ್ಯವಸ್ಥೆ ಮಾಡಿಕೊಳ್ಳಿ. ಹಡಗಿನಲ್ಲಿರುವುದು ಸಾಮಾನ್ಯವಾಗಿ ಹತ್ತುವಾಗ, ಇಳಿಯುವಾಗ ಮತ್ತು ತುರ್ತಿಗೆ ಮಾತ್ರ. ಏಳು ದಿನವೂ ನಿಮ್ಮ ಹತ್ತಿರವೇ ಇಟ್ಟುಕೊಳ್ಳಲು ಕೊಡುವುದಿಲ್ಲ.

ಅಮ್ಮನ ವಾಂತಿಗೆ ಮಾತ್ರೆಗಳಿವೆ. ಮೆಕ್ಲಿಜಿನ್, ಡೈಮೆನ್‌ಹೈಡ್ರಿನೇಟ್ ಅಂಥವು. ಇವನ್ನು ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಅಷ್ಟು ಪ್ರಯೋಜನ ಇಲ್ಲ, ಮೊದಲೇ ತೆಗೆದುಕೊಳ್ಳಬೇಕು. ಆದರೆ ನಿದ್ದೆ ಬರಿಸುತ್ತವೆ. ವಯಸ್ಸಾದವರು ತೂಕಡಿಸಿಕೊಂಡು ಅಲುಗುವ ನೆಲದ ಮೇಲೆ ನಡೆದರೆ ಬೀಳುವ ಭಯ ಇದೆ. ಕಿವಿಯ ಹಿಂದೆ ಅಂಟಿಸುವ ಸ್ಕೋಪೊಲಮೈನ್ ಪಟ್ಟಿ ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಇರುವವರಿಗೆ, ಮೂತ್ರ ಕಟ್ಟುವ ತೊಂದರೆ ಇರುವವರಿಗೆ ಆಗುವುದಿಲ್ಲ. ಹಾಗಾಗಿ ಹೊರಡುವ ಮೊದಲು ಡಾಕ್ಟರ್ ಹತ್ತಿರ ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ ತೋರಿಸಿ ಕೇಳಿ. ಉಳಿದದ್ದು ಸುಲಭ. ಹೊಟ್ಟೆ ಖಾಲಿ ಬಿಡಬಾರದು, ಬಿರಿಯುವಷ್ಟು ತಿನ್ನಲೂ ಬಾರದು. ತಲೆ ತಿರುಗಿದರೆ ಮೊಬೈಲ್ ಬದಿಗಿಟ್ಟು, ಹೊರಗಿನ ಡೆಕ್‌ಗೆ ಬಂದು, ನೀರು ಆಕಾಶ ಸೇರುವ ಗೆರೆಯನ್ನೇ ನೋಡುತ್ತಾ ಕೂರಬೇಕು. ಮುಚ್ಚಿದ ಕ್ಯಾಬಿನ್‌ನಲ್ಲಿ ಕೂತು ಸಹಿಸಿಕೊಂಡಷ್ಟೂ ಜಾಸ್ತಿಯಾಗುತ್ತದೆ.

ಮೊದಲ ದಿನ ಸೂಟ್‌ಕೇಸ್‌ಗಳನ್ನು ಟರ್ಮಿನಲ್‌ನಲ್ಲೇ ಕೊಟ್ಟುಬಿಡುತ್ತೀರಿ. ಅವು ಕ್ಯಾಬಿನ್ ಬಾಗಿಲಿಗೆ ಬರುವಷ್ಟರಲ್ಲಿ ಸಂಜೆಯಾಗುತ್ತದೆ. ಮಾತ್ರೆ, ಪಾಸ್‌ಪೋರ್ಟ್, ಮಗುವಿನ ಡೈಪರ್, ಒಂದು ಜೊತೆ ಬಟ್ಟೆ, ಇವೆಲ್ಲ ಕೈಚೀಲದಲ್ಲೇ ಇರಲಿ. ಮತ್ತೆ, ಹಡಗು ಹೊರಡುವ ದಿನವೇ ವಿಮಾನದಲ್ಲಿ ಬಂದಿಳಿಯುವ ಲೆಕ್ಕಾಚಾರ ಬೇಡ. ಹಿಂದಿನ ದಿನವೇ ಆ ಊರು ಸೇರಿಕೊಳ್ಳಿ.

ಡೆಕ್_ನಾಲ್ಕು:

ನಾನು ಕೆಲವು ವರ್ಷ ಕ್ರೂಸ್ ಹಡಗಿನಲ್ಲಿ ಹೌಸ್‌ಕೀಪಿಂಗ್‌ನಲ್ಲಿದ್ದೆ. ಪ್ರಯಾಣಿಕರಿಗೆ ಕಾಣದ ಕಡೆಯಿಂದ ಕೆಲವು ಮಾತು ಹೇಳುತ್ತೇನೆ.

ಮಸ್ಟರ್ ಡ್ರಿಲ್ ತಪ್ಪಿಸಬೇಡಿ. ತುರ್ತು ಸಂದರ್ಭದಲ್ಲಿ ಎಲ್ಲಿ ಸೇರಬೇಕು, ಲೈಫ್ ಜಾಕೆಟ್ ಹೇಗೆ ಹಾಕಿಕೊಳ್ಳಬೇಕು ಎಂದು ಮೊದಲ ದಿನ ತೋರಿಸುವುದೇ ಇದು. ಏಳು ಸಣ್ಣ ಸೀಟಿ, ಒಂದು ಉದ್ದನೆಯ ಸೀಟಿ, ಇದು ಎಲ್ಲ ಹಡಗಿಗೂ ಒಂದೇ ಸಂಕೇತ. 2012ರ ಜನವರಿ 13ರ ರಾತ್ರಿ ಕೋಸ್ಟಾ ಕಾನ್ಕಾರ್ಡಿಯಾ ಇಟಲಿಯ ಜಿಲಿಯೊ ದ್ವೀಪದ ಹತ್ತಿರ ಬಂಡೆಗೆ ಬಡಿದು ವಾಲಿತು. 32 ಜನ ಸತ್ತರು. ಅದೇ ಸಂಜೆ ಹತ್ತಿದ ನೂರಾರು ಜನರಿಗೆ ಡ್ರಿಲ್ ಇನ್ನೂ ಆಗಿರಲೇ ಇಲ್ಲ, ಯಾಕೆಂದರೆ ಹತ್ತಿದ 24 ಗಂಟೆಯೊಳಗೆ ಮಾಡಿದರೆ ಸಾಕು ಎಂದು ಆಗಿನ ನಿಯಮ. ಆಮೇಲೆ ಅಂತಾರಾಷ್ಟ್ರೀಯ ನಿಯಮ ತಿದ್ದಿದರು. 2015ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಡ್ರಿಲ್ ಆಗಲೇಬೇಕು.

ಈಗ ತುಂಬಾ ಹಡಗುಗಳಲ್ಲಿ ವಿಡಿಯೋ ನೋಡಿ, ನಿಮ್ಮ ಜಾಗಕ್ಕೆ ಹೋಗಿ ಕಾರ್ಡ್ ಸ್ಕ್ಯಾನ್ ಮಾಡಿಸಿದರೆ ಮುಗಿಯಿತು. ಅಷ್ಟಕ್ಕೇ ವಾಪಸ್ ಬಂದುಬಿಡಬೇಡಿ. ಅಲ್ಲಿರುವ ಸಿಬ್ಬಂದಿಗೆ ಎರಡು ವಿಷಯ ಹೇಳಿ: ನಮ್ಮ ಜೊತೆ ಮಗು ಇದೆ, ಅದರ ಅಳತೆಯ ಲೈಫ್ ಜಾಕೆಟ್ ಬೇಕು, ನಮ್ಮ ತಂದೆಗೆ ಮೆಟ್ಟಿಲು ಕಷ್ಟ. ಅವರು ಬರೆದುಕೊಳ್ಳುತ್ತಾರೆ. ತುರ್ತಿನಲ್ಲಿ ಲಿಫ್ಟ್ ಬಳಸುವ ಹಾಗಿಲ್ಲ. ಅದಕ್ಕೇ ಮೊದಲ ಸಂಜೆಯೇ ಕ್ಯಾಬಿನ್‌ನಿಂದ ಆ ಜಾಗಕ್ಕೆ ಮೆಟ್ಟಿಲಿನ ದಾರಿ ಯಾವುದು ಎಂದು ನೀವಾದರೂ ಒಮ್ಮೆ ನಡೆದು ನೋಡಿಕೊಳ್ಳಿ.

ಇನ್ನು ಕೈ ತೊಳೆಯುವುದು. ಹಡಗಿನಲ್ಲಿ ಎಲ್ಲರೂ ಹೆದರುವುದು ನೋರೋವೈರಸ್‌ಗೆ, ಅಂದರೆ ವಾಂತಿ ಭೇದಿ. ತುಂಬಾ ಜನ ಬಫೆ ಬಾಗಿಲಲ್ಲಿ ಸ್ಯಾನಿಟೈಜರ್ ಒತ್ತಿ ಕೈ ಉಜ್ಜಿಕೊಂಡು ಒಳಗೆ ಹೋಗುತ್ತಾರೆ. ಆಲ್ಕೋಹಾಲ್ ಸ್ಯಾನಿಟೈಜರ್ ಈ ವೈರಸ್ ಮೇಲೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಸೋಪು ಹಚ್ಚಿ 20 ಸೆಕೆಂಡ್ ನೀರಿನಲ್ಲಿ ತೊಳೆಯಬೇಕು. ಬಫೆಯಲ್ಲಿ ಎರಡನೇ ಸಲ ಬಡಿಸಿಕೊಳ್ಳಲು ಹೋದಾಗ ಹೊಸ ತಟ್ಟೆ ತೆಗೆದುಕೊಳ್ಳಿ, ಎಂಜಲು ತಟ್ಟೆಗೆ ಸೌಟು ತಾಗಿದರೆ ಅದು ಮುಂದಿನವರಿಗೆ ಹೋಗುತ್ತದೆ. ಮಗುವನ್ನು ಸಾಲಿನಲ್ಲಿ ಕೆಳಗೆ ಬಿಡಬೇಡಿ, ಒಬ್ಬರು ಟೇಬಲ್‌ನಲ್ಲಿ ಕೂರಿಸಿಕೊಂಡಿರಲಿ.

ಯಾರಿಗಾದರೂ ಹೊಟ್ಟೆ ಕೆಟ್ಟರೆ ಮುಚ್ಚಿಡಬೇಡಿ. ಇದನ್ನು ಕೈ ಮುಗಿದು ಕೇಳುತ್ತೇನೆ. ಹೇಳಿದರೆ ಕ್ಯಾಬಿನ್‌ನಲ್ಲೇ ಇರಿಸುತ್ತಾರೆ, ರಜೆ ಹಾಳಾಗುತ್ತದೆ ಎಂದು ಜನ ಸುಮ್ಮನಿದ್ದುಬಿಡುತ್ತಾರೆ. ವೈರಸ್ ಒಳಗೆ ಹೋದ 12ರಿಂದ 48 ಗಂಟೆಯಲ್ಲಿ ಕಾಯಿಲೆ ಕಾಣಿಸಿಕೊಳ್ಳುತ್ತದೆ, ಅಂದರೆ ಒಬ್ಬರು ಇವತ್ತು ಮುಚ್ಚಿಟ್ಟದ್ದು ನಾಳೆ ನಾಡಿದ್ದು ಇಡೀ ಕಾರಿಡಾರ್‌ನಲ್ಲಿ ಗೊತ್ತಾಗುತ್ತದೆ. ಫೋನ್ ಮಾಡಿದರೆ ಕ್ಯಾಬಿನ್‌ಗೇ ಬಂದು ನೋಡುತ್ತಾರೆ, ವಿಶೇಷ ದ್ರಾವಣ ಹಾಕಿ ಸ್ವಚ್ಛ ಮಾಡುತ್ತಾರೆ. ಹತ್ತುವ ಮೊದಲು ಕೊಡುವ ಆರೋಗ್ಯದ ಫಾರಂನಲ್ಲಿಯೂ ನಿಜ ಬರೆಯಿರಿ.

ಬಾಲ್ಕನಿಯಿಂದ ಏನನ್ನೂ ಎಸೆಯಬಾರದು, ಸಿಗರೇಟು ತುಂಡಂತೂ ಬೇಡವೇ ಬೇಡ. 2006ರ ಮಾರ್ಚ್‌ನಲ್ಲಿ ಜಮೈಕಾದ ಕಡೆ ಹೋಗುತ್ತಿದ್ದ ಸ್ಟಾರ್ ಪ್ರಿನ್ಸೆಸ್ ಹಡಗಿನ ಬಾಲ್ಕನಿಯಲ್ಲಿ ನಡುರಾತ್ರಿ ಬೆಂಕಿ ಹತ್ತಿತು. ಒಬ್ಬರು ಸತ್ತರು, ನೂರಾರು ಕ್ಯಾಬಿನ್ ಹಾಳಾದವು. ಯಾರೋ ಎಸೆದ ಸಿಗರೇಟಿನಿಂದಲೇ ಹತ್ತಿರಬೇಕು ಎಂದು ತನಿಖೆ ಹೇಳಿತು. ಇಸ್ತ್ರಿ ಪೆಟ್ಟಿಗೆ, ಕೆಟಲ್, ಮೇಣದ ಬತ್ತಿ, ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬಾಕ್ಸ್ ಇವನ್ನೆಲ್ಲ ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳುವುದೂ ಬೆಂಕಿಯ ಭಯಕ್ಕೇ. ಅಲ್ಲಿ ಅಗ್ನಿಶಾಮಕ ದಳ ಬರುವುದಿಲ್ಲ, ನಂದಿಸಬೇಕಾದವರು ಹಡಗಿನ ಸಿಬ್ಬಂದಿಯೇ.

ಟಾಯ್ಲೆಟ್ ಗಾಳಿಯ ಒತ್ತಡದಲ್ಲಿ ಎಳೆಯುವಂಥದ್ದು, ಪೈಪು ಸಣ್ಣದು. ಒಂದು ವೆಟ್ ವೈಪ್ ಹೋಗಿ ಸಿಕ್ಕಿಕೊಂಡರೆ ನಿಮ್ಮದಷ್ಟೇ ಅಲ್ಲ, ಸಾಲಿನ ಹಲವು ಕ್ಯಾಬಿನ್‌ಗಳ ಟಾಯ್ಲೆಟ್ ನಿಂತುಹೋಗುತ್ತದೆ. ಮಗುವಿನ ವೈಪ್, ಡೈಪರ್ ಎಲ್ಲ ಕಸದ ಬುಟ್ಟಿಗೆ. ಜಾಸ್ತಿ ಚೀಲ ಬೇಕಿದ್ದರೆ ಕ್ಯಾಬಿನ್ ನೋಡಿಕೊಳ್ಳುವ ಸ್ಟೂವರ್ಡ್‌ಗೆ ಹೇಳಿ, ಖುಷಿಯಿಂದ ಕೊಡುತ್ತಾರೆ.

ಟಿಪ್ಸ್ ಬಗ್ಗೆ ಕೇಳಿದ್ದೀರಿ. ಹೆಚ್ಚಿನ ಹಡಗುಗಳಲ್ಲಿ ಪ್ರತಿ ದಿನ, ಪ್ರತಿ ತಲೆಗೆ ಇಷ್ಟು ಎಂದು ನಿಮ್ಮ ಖಾತೆಗೆ ತಾನೇ ಸೇರುತ್ತದೆ. ಕೆಲವು ಕಡೆ ಟಿಕೆಟ್‌ನಲ್ಲೇ ಸೇರಿರುತ್ತದೆ, ಮೊದಲೇ ವಿಚಾರಿಸಿ. ಕೌಂಟರ್‌ಗೆ ಹೋಗಿ ಅದನ್ನು ತೆಗೆಸಿ, 'ನಮ್ಮ ಸ್ಟೂವರ್ಡ್‌ಗೆ ಕೈಯಲ್ಲೇ ಕೊಡುತ್ತೇವೆ' ಎನ್ನುವವರಿದ್ದಾರೆ. ಆ ದುಡ್ಡಿನಲ್ಲಿ ನಿಮಗೆ ಕಾಣದೆ ಕೆಳಗೆ ಬಟ್ಟೆ ಒಗೆಯುವವರು, ಪಾತ್ರೆ ತೊಳೆಯುವವರ ಪಾಲೂ ಇರುತ್ತದೆ. ಹಡಗಿನ ಕೆಲಸ ಎಂದರೆ ಆರು, ಎಂಟು, ಒಂಬತ್ತು ತಿಂಗಳ ಒಪ್ಪಂದ, ನಡುವೆ ವಾರದ ರಜೆ ಇರುವುದಿಲ್ಲ. 2013ರಲ್ಲಿ ಜಾರಿಗೆ ಬಂದ ಸಮುದ್ರ ಕಾರ್ಮಿಕರ ಅಂತಾರಾಷ್ಟ್ರೀಯ ಒಪ್ಪಂದದ ಪ್ರಕಾರ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ ವಿಶ್ರಾಂತಿ ಕೊಡಬೇಕು. ಉಳಿದ ಹೊತ್ತು ಎಷ್ಟಾಯಿತು ನೀವೇ ಲೆಕ್ಕ ಹಾಕಿ. ಆ ಮೊತ್ತ ಹಾಗೇ ಇರಲಿ, ಮನಸ್ಸಿದ್ದರೆ ಮೇಲೆ ಸ್ವಲ್ಪ ಕೊಡಿ.

ದುಡ್ಡಿಗಿಂತ ಬೇರೆ ಏನು ಮಾಡಬಹುದು ಅಂದರೆ, ಎದೆಯ ಮೇಲೆ ಹೆಸರಿನ ಬಿಲ್ಲೆ ಇರುತ್ತದೆ, ಹೆಸರು ಹಿಡಿದು ಕರೆಯಿರಿ. ಮಗು ಮಧ್ಯಾಹ್ನ ಎಷ್ಟು ಹೊತ್ತಿಗೆ ಮಲಗುತ್ತದೆ ಎಂದು ಮೊದಲ ದಿನವೇ ಸ್ಟೂವರ್ಡ್‌ಗೆ ಹೇಳಿ. ಅವರ ಕೈಯಲ್ಲಿ ಹತ್ತಿಪ್ಪತ್ತು ಕ್ಯಾಬಿನ್ ಇರುತ್ತವೆ. ನಿಮ್ಮ ಹೊತ್ತು ಗೊತ್ತಿದ್ದರೆ ಅವರಿಗೂ ಸುಲಭ, ನಿಮಗೂ ಸುಲಭ. ಕೊನೆಗೆ ಬರುವ ಅಭಿಪ್ರಾಯದ ಫಾರಂನಲ್ಲಿ ಅವರ ಹೆಸರು ಬರೆದು ಒಂದು ಸಾಲು ಒಳ್ಳೆಯ ಮಾತು ಹಾಕಿ. ಅದನ್ನು ಮೇಲಿನವರು ನಿಜವಾಗಿಯೂ ಓದುತ್ತಾರೆ.

ಬಂದರು_ಪ್ರೇಮಿ:

ಮೇಲಿನವರು ಹಡಗಿನ ಒಳಗಿನದು ಹೇಳಿದ್ದಾರೆ, ನಾನು ಹೊರಗಿನದು ಹೇಳುತ್ತೇನೆ.

ಹಡಗಿನ ಗಡಿಯಾರ ಬೇರೆ, ದಡದ ಗಡಿಯಾರ ಬೇರೆ ಆಗಿರಬಹುದು. ಮೊಬೈಲ್ ದಡದ ಸಿಗ್ನಲ್ ಸಿಕ್ಕ ಕೂಡಲೇ ತಾನಾಗಿ ಸಮಯ ಬದಲಿಸಿಕೊಳ್ಳುತ್ತದೆ, ಹಡಗು ಮಾತ್ರ ತನ್ನ ಸಮಯಕ್ಕೇ ಹೊರಡುತ್ತದೆ. ಒಬ್ಬರಾದರೂ ಕೈಗಡಿಯಾರ ಕಟ್ಟಿಕೊಂಡು ಹಡಗಿನ ಸಮಯಕ್ಕೆ ಇಟ್ಟುಕೊಳ್ಳಿ. 'ಎಲ್ಲರೂ ಹತ್ತಿರಬೇಕಾದ ಸಮಯ' ಎಂದು ಹಡಗಿನಿಂದ ಇಳಿಯುವ ದಾರಿಯ (ಗ್ಯಾಂಗ್‌ವೇ) ಹತ್ತಿರ ಬೋರ್ಡ್ ಇಟ್ಟಿರುತ್ತಾರೆ. ಅದು ಹಡಗು ಹೊರಡುವುದಕ್ಕಿಂತ ಅರ್ಧ ಗಂಟೆಯೋ ಇನ್ನೂ ಸ್ವಲ್ಪ ಮೊದಲೋ ಇರುತ್ತದೆ. ಇಳಿಯುವಾಗ ಆ ಬೋರ್ಡ್‌ನ ಫೋಟೋ ತೆಗೆದುಕೊಳ್ಳಿ.

ತಡವಾದರೆ ಹಡಗು ಕಾಯುವುದಿಲ್ಲ. ಮುಂದಿನ ಬಂದರಿನಲ್ಲಿ ಇಂಥ ಹೊತ್ತಿಗೆ ಜಾಗ, ಹಡಗಿಗೆ ದಾರಿ ತೋರಿಸುವ ಬಂದರಿನ ಪೈಲಟ್ ಎಲ್ಲ ನಿಗದಿಯಾಗಿರುತ್ತದೆ, ಕೆಲವು ಕಡೆ ನೀರಿನ ಇಳಿತದ ಲೆಕ್ಕವೂ ಇರುತ್ತದೆ. ಹಡಗಿನವರೇ ಮಾರಿದ ಟೂರ್‌ನ ಬಸ್ ತಡವಾದರೆ ಕಾಯುತ್ತಾರೆ, ಇಲ್ಲವೇ ಮುಂದಿನ ಬಂದರಿಗೆ ಅವರ ಖರ್ಚಿನಲ್ಲೇ ಮುಟ್ಟಿಸುತ್ತಾರೆ. ನೀವಾಗಿ ಹೋಗಿದ್ದರೆ ಎಲ್ಲ ನಿಮ್ಮದೇ. ಕಂಪನಿಯ ಸ್ಥಳೀಯ ಏಜೆಂಟ್‌ನ ನಂಬರ್ ದಿನದ ಹಾಳೆಯಲ್ಲೋ ಆ್ಯಪ್‌ನಲ್ಲೋ ಇರುತ್ತದೆ, ಇಳಿಯುವ ಮೊದಲು ಕಾಗದದಲ್ಲಿ ಬರೆದುಕೊಳ್ಳಿ.

ಹಾಗಾಗಿ ನನ್ನ ಅಭಿಪ್ರಾಯ ಕೇಳಿದರೆ, ನೋಡಬೇಕಾದ ಜಾಗ ಬಂದರಿನಿಂದ ದೂರ ಇದ್ದರೆ, ದಾರಿಯಲ್ಲಿ ಟ್ರಾಫಿಕ್ ಭಯ ಇದ್ದರೆ ಹಡಗಿನ ಟೂರ್. ಊರು ಬಂದರಿಗೆ ಅಂಟಿಕೊಂಡೇ ಇದ್ದರೆ ನೀವೇ ಹೋಗಿ. ಆದರೆ ನಿಮ್ಮ ಜೊತೆ ಹಿರಿಯರು, ಮಗು ಇರುವುದರಿಂದ ಎಲ್ಲ ಬಂದರಿಗೂ ಹಡಗಿನ ಟೂರ್ ತೆಗೆದುಕೊಳ್ಳುವುದೇ ಸುರಕ್ಷಿತ.

ನಿಮ್ಮ ಪ್ರಯಾಣದ ಪಟ್ಟಿಯಲ್ಲಿ 'ಟೆಂಡರ್' ಎಂದು ಬರೆದ ಬಂದರು ಇದೆಯಾ ನೋಡಿ. ಅಂದರೆ ಹಡಗು ದಡಕ್ಕೆ ತಾಗುವುದಿಲ್ಲ, ಆಚೆ ಲಂಗರು ಹಾಕಿ ನಿಲ್ಲುತ್ತದೆ, ಸಣ್ಣ ದೋಣಿಯಲ್ಲಿ ದಡಕ್ಕೆ ಹೋಗಬೇಕು. ಹಡಗಿನ ಬದಿಯ ಕಟ್ಟೆಗೂ ದೋಣಿಗೂ ನಡುವೆ ಸಂದು, ದೋಣಿ ಅಲೆಗೆ ಮೇಲೆ ಕೆಳಗೆ ಆಗುತ್ತಿರುತ್ತದೆ, ಸಿಬ್ಬಂದಿ ಎರಡೂ ಕಡೆ ತೋಳು ಹಿಡಿದು 'ಈಗ' ಎಂದಾಗ ಒಂದೇ ಹೆಜ್ಜೆ ಹಾಕಬೇಕು. ಮೊಣಕಾಲು ನೋವು ಇರುವವರಿಗೆ ಇದು ಸುಲಭ ಅಲ್ಲ. ಮೊದಲ ದೋಣಿಗಳಿಗೆ ನೂಕುನುಗ್ಗಲು. ಒಂದೆರಡು ಗಂಟೆ ಬಿಟ್ಟು ಹೋದರೆ ಆರಾಮ. ಸಮುದ್ರ ಸರಿಯಿಲ್ಲದಿದ್ದರೆ ಆ ಬಂದರನ್ನೇ ಕ್ಯಾಪ್ಟನ್ ಬಿಟ್ಟುಬಿಡಬಹುದು, ಅದಕ್ಕೆ ಜಗಳ ಆಡಿ ಪ್ರಯೋಜನ ಇಲ್ಲ.

ವೀಸಾ ಗಮನಿಸಿ. ಒಂದು ದೇಶದಿಂದ ಹೊರಟು ಬೇರೆ ದೇಶಗಳಿಗೆ ಹೋಗಿ ಮತ್ತೆ ಅಲ್ಲಿಗೇ ಬರುವುದಾದರೆ ಒಂದೇ ಸಲ ಪ್ರವೇಶಿಸುವ ವೀಸಾ ಸಾಲದೇ ಹೋಗಬಹುದು. ಪಾಸ್‌ಪೋರ್ಟ್ ಪ್ರಯಾಣ ಮುಗಿದ ಮೇಲೂ ಆರು ತಿಂಗಳು ಚಾಲ್ತಿಯಲ್ಲಿರಬೇಕು ಎಂದು ತುಂಬಾ ಕಡೆ ಕೇಳುತ್ತಾರೆ. ಬಫೆಯಿಂದ ಹಣ್ಣು ಹಂಪಲು ಚೀಲಕ್ಕೆ ಹಾಕಿಕೊಂಡು ಇಳಿಯಬೇಡಿ, ಕೆಲವು ದೇಶಗಳಲ್ಲಿ ದಂಡ ಹಾಕುತ್ತಾರೆ.

ಪುಟ್ಟಿಯ_ಅಮ್ಮ:

ಬಂದರು ಪ್ರೇಮಿ ಅವರೇ, ಒಂದು ಮಾತು ನಾನು ಒಪ್ಪುವುದಿಲ್ಲ. ಎರಡು ವರ್ಷದ ಮಗುವನ್ನು ನಲವತ್ತು ಜನರ ಬಸ್ಸಿನಲ್ಲಿ ಐದಾರು ಗಂಟೆ ಕೂರಿಸುವುದು ಮಗುವಿಗೂ ಶಿಕ್ಷೆ, ಉಳಿದವರಿಗೂ ಶಿಕ್ಷೆ. ಮಗು ಹಸಿದಾಗ ಬಸ್ ನಿಲ್ಲುವುದಿಲ್ಲ. ಅಜ್ಜನಿಗೆ ಕೂರಬೇಕೆನಿಸಿದಾಗ ಗೈಡ್ ಮುಂದೆ ಹೋಗಿಬಿಟ್ಟಿರುತ್ತಾರೆ. ಬಂದರಿನ ಹತ್ತಿರವೇ ಎರಡು ಮೂರು ಗಂಟೆ ಸುತ್ತಾಡಿ, ಹೊರಡುವುದಕ್ಕೆ ಎರಡು ಗಂಟೆ ಮೊದಲೇ ವಾಪಸ್ ಹಡಗಿಗೆ ಬಂದುಬಿಟ್ಟರೆ ಯಾವ ಭಯವೂ ಇಲ್ಲ. ಆ ಹೊತ್ತಿನಲ್ಲಿ ಹಡಗು ಖಾಲಿ ಇರುತ್ತದೆ, ಅಪ್ಪ ಅಮ್ಮ ನೆಮ್ಮದಿಯಾಗಿ ಕೂರಬಹುದು.

ಮಗುವಿನ ಬಗ್ಗೆ ಮುಖ್ಯವಾದದ್ದು: ಡೈಪರ್ ಹಾಕುವ ಮಕ್ಕಳನ್ನು ಹೆಚ್ಚಿನ ಹಡಗುಗಳ ಈಜುಕೊಳಕ್ಕೆ ಬಿಡುವುದಿಲ್ಲ, ಈಜುವ ಡೈಪರ್ ಹಾಕಿದ್ದರೂ ಬಿಡುವುದಿಲ್ಲ. ಇದು ಆರೋಗ್ಯದ ನಿಯಮ. ಒಂದು ಮಗು ನೀರು ಕೆಡಿಸಿದರೆ ಕೊಳವನ್ನೇ ಮುಚ್ಚಿ ಸ್ವಚ್ಛ ಮಾಡಬೇಕಾಗುತ್ತದೆ. ಕೆಲವು ಹಡಗುಗಳಲ್ಲಿ ಪುಟ್ಟ ಮಕ್ಕಳಿಗೇ ಬೇರೆ ನೀರಾಟದ ಜಾಗ ಇರುತ್ತದೆ, ನಿಮ್ಮ ಹಡಗಿನಲ್ಲಿ ಇದೆಯಾ ಎಂದು ಈಗಲೇ ಕೇಳಿ. ಮಕ್ಕಳ ಕ್ಲಬ್ಬಿಗೆ ಸಾಮಾನ್ಯವಾಗಿ ಮೂರು ವರ್ಷ ತುಂಬಿ ಡೈಪರ್ ಬಿಟ್ಟಿರಬೇಕು. ತೊಟ್ಟಿಲಿನಂಥ ಮಂಚ ಬೇಕಿದ್ದರೆ ಬುಕಿಂಗ್‌ನಲ್ಲೇ ಬರೆಸಿ.

ಮಡಚುವ ಸಣ್ಣ ತಳ್ಳುಗಾಡಿ ತನ್ನಿ. ಕಾರಿಡಾರ್ ಇಕ್ಕಟ್ಟು, ರಾತ್ರಿ ಅದನ್ನು ಬಾಗಿಲ ಹೊರಗೆ ಬಿಡುವ ಹಾಗಿಲ್ಲ, ಅದು ತುರ್ತು ದಾರಿ. ಬಾಲ್ಕನಿ ಇದ್ದರೆ ಕುರ್ಚಿ ಮೇಜು ಕಂಬಿಯ ಹತ್ತಿರ ಇಡಲೇಬೇಡಿ, ಬಾಗಿಲ ಮೇಲಿನ ಚಿಲಕ ಯಾವಾಗಲೂ ಹಾಕಿರಲಿ. ಶೋಗೆ ಹೋದರೆ ಹಿಂದಿನ ಸಾಲಿನಲ್ಲಿ, ದಾರಿಯ ಪಕ್ಕದ ಸೀಟಿನಲ್ಲಿ ಕೂರಿ, ಅತ್ತರೆ ಎದ್ದು ಹೊರಗೆ ಹೋಗಲು ಸುಲಭ. ಊಟಕ್ಕೆ ಎರಡು ಪಾಳಿ ಇದ್ದರೆ ಮೊದಲನೆಯದು ತೆಗೆದುಕೊಳ್ಳಿ.

ಮಗು ಅತ್ತರೆ ಯಾರೂ ಬೈಯುವುದಿಲ್ಲ, ಅದಕ್ಕೆಲ್ಲಾ ಹೆದರಬೇಡಿ. ಜನ ನಿಜವಾಗಿ ಸಿಟ್ಟಾಗುವುದು ದೊಡ್ಡವರ ಮೇಲೆ. ಬೆಳಗ್ಗೆ ಆರಕ್ಕೇ ಕೊಳದ ಪಕ್ಕದ ನಾಲ್ಕು ಕುರ್ಚಿಗೆ ಟವೆಲ್ ಹಾಸಿ, ಮೇಲೊಂದು ಚಪ್ಪಲಿ ಇಟ್ಟು, ತಿಂಡಿಗೆ ಹೋಗಿ ಹನ್ನೊಂದಕ್ಕೆ ಬರುವವರಿದ್ದಾರೆ. ತುಂಬಾ ಹಡಗುಗಳಲ್ಲಿ ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಯಾರೂ ಇಲ್ಲದಿದ್ದರೆ ಸಿಬ್ಬಂದಿಯೇ ಸಾಮಾನು ತೆಗೆದಿಡುತ್ತಾರೆ. ಬೇರೆಯವರ ಟವೆಲ್ ಅನ್ನು ನೀವಾಗಿ ಎತ್ತಬೇಡಿ, ಸಿಬ್ಬಂದಿಗೆ ಹೇಳಿ. ಲಿಫ್ಟ್ ಬಾಗಿಲು ತೆರೆದ ಕೂಡಲೇ ನುಗ್ಗುವುದು, ರಾತ್ರಿ ಕಾರಿಡಾರ್‌ನಲ್ಲಿ ಜೋರಾಗಿ ಮಾತಾಡುವುದು, ಬಾಗಿಲನ್ನು ಹಾಗೇ ಬಿಟ್ಟುಬಿಡುವುದು, ಇವೂ ಅಷ್ಟೇ. ಕ್ಯಾಬಿನ್ ಬಾಗಿಲು ತುಂಬಾ ಭಾರ, ಬಿಟ್ಟರೆ ಧಡಾರ್ ಎನ್ನುತ್ತದೆ, ಗೋಡೆಗಳು ತೆಳು. ಹಿಡಿದು ಮೆಲ್ಲಗೆ ಮುಚ್ಚುವುದನ್ನು ಮನೆಯವರಿಗೆಲ್ಲ ಹೇಳಿಕೊಡಿ. ಬಾಲ್ಕನಿ ಬಾಗಿಲು ತೆರೆದಿಟ್ಟು ಮುಂದಿನ ಬಾಗಿಲು ತೆರೆದರಂತೂ ಗಾಳಿ ನುಗ್ಗಿ ಬಾಗಿಲು ಕೈಯಿಂದಲೇ ಕಿತ್ತುಕೊಳ್ಳುತ್ತದೆ. ಮಗುವಿನ ಬೆರಳು ಜೋಪಾನ.

ಮೊದಲ_ಪಯಣ:

ಇಷ್ಟು ವಿವರವಾಗಿ ಬರೆಯುತ್ತೀರಿ ಅಂದುಕೊಂಡಿರಲಿಲ್ಲ, ಎಲ್ಲರಿಗೂ ತುಂಬಾ ಧನ್ಯವಾದ. ನಡುಭಾಗದಲ್ಲಿ, ಮೇಲೂ ಕೆಳಗೂ ಕ್ಯಾಬಿನ್‌ಗಳೇ ಇರುವ ಕಡೆ ಅಕ್ಕಪಕ್ಕದ ಎರಡು ಕ್ಯಾಬಿನ್ ಆರಿಸಿದ್ದೇವೆ. ಪಟ್ಟಿಯಲ್ಲಿ ಒಂದು ಟೆಂಡರ್ ಬಂದರು ಇದೆ. ಆ ದಿನ ಅಪ್ಪ ಹಡಗಿನಲ್ಲೇ ಇರುತ್ತೇನೆ ಎನ್ನುತ್ತಿದ್ದಾರೆ.

ಇನ್ನು ಕೆಲವು ಸಂದೇಹ. ಫೋನ್, ಬಿಲ್ಲು, ಬಟ್ಟೆ, ಕೊನೆಯ ದಿನ ಇಳಿಯುವುದು ಇವುಗಳ ಬಗ್ಗೆ ಸ್ವಲ್ಪ ಹೇಳುತ್ತೀರಾ? ಮತ್ತೆ ಅಪ್ಪ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ, ಅದನ್ನು ಇಡುವುದು ಹೇಗೆ?

ಕಡಲಹಕ್ಕಿ:

ಫೋನ್: ಹಡಗು ದಡ ಬಿಡುವ ಮೊದಲೇ ಎಲ್ಲರ ಫೋನೂ ಏರೋಪ್ಲೇನ್ ಮೋಡ್‌ಗೆ ಹಾಕಿ. ನಡುಸಮುದ್ರದಲ್ಲಿ ಹಡಗಿನದೇ ಮೊಬೈಲ್ ನೆಟ್‌ವರ್ಕ್ ಉಪಗ್ರಹದ ಮೂಲಕ ಸಿಗುತ್ತದೆ. ಮಾಮೂಲಿ ಅಂತಾರಾಷ್ಟ್ರೀಯ ರೋಮಿಂಗ್ ಪ್ಯಾಕ್‌ಗಳಲ್ಲಿ ಅದು ಸಾಮಾನ್ಯವಾಗಿ ಸೇರಿರುವುದಿಲ್ಲ. ಫೋನ್ ಜೇಬಿನಲ್ಲಿ ಸುಮ್ನೆ ಇದ್ದರೂ ಡೇಟಾ ಓಡಿ ಭಾರೀ ಬಿಲ್ ಬರುತ್ತದೆ. ಏರೋಪ್ಲೇನ್ ಮೋಡ್‌ನಲ್ಲೇ ಹಡಗಿನ ವೈಫೈ ಹಾಕಿಕೊಳ್ಳಬಹುದು. ಕಂಪನಿಯ ಆ್ಯಪ್ ದಡದಲ್ಲಿರುವಾಗಲೇ ಇಳಿಸಿಕೊಳ್ಳಿ.

ಬಿಲ್ಲು: ಹಡಗಿನಲ್ಲಿ ನಗದು ನಡೆಯುವುದಿಲ್ಲ, ಎಲ್ಲ ಕ್ಯಾಬಿನ್ ಕಾರ್ಡ್‌ನಲ್ಲೇ. ಅದಕ್ಕೆ ಕ್ರೆಡಿಟ್ ಕಾರ್ಡ್ ಜೋಡಿಸಿ. ಡೆಬಿಟ್ ಕಾರ್ಡ್ ಆದರೆ ಖಾತೆಯ ದುಡ್ಡನ್ನು ತಡೆಹಿಡಿದು, ಪ್ರಯಾಣ ಮುಗಿದು ಎಷ್ಟೋ ದಿನದ ಮೇಲೆ ಬಿಡುತ್ತಾರೆ. ಟಿವಿಯಲ್ಲೋ ಆ್ಯಪ್‌ನಲ್ಲೋ ಎರಡು ದಿನಕ್ಕೊಮ್ಮೆ ಲೆಕ್ಕ ನೋಡಿ. ಕೊನೆಯ ಬೆಳಗ್ಗೆ ಕೌಂಟರ್ ಮುಂದೆ ಉದ್ದ ಸಾಲು ಇರುತ್ತದೆ. ಪಾನೀಯದ ಪ್ಯಾಕೇಜ್ ಕೊಳ್ಳುವ ಯೋಚನೆ ಇದ್ದರೆ, ಒಂದೇ ಕ್ಯಾಬಿನ್‌ನ ದೊಡ್ಡವರೆಲ್ಲ ಕೊಳ್ಳಬೇಕು ಎಂಬ ನಿಯಮ ಹಲವು ಕಂಪನಿಗಳಲ್ಲಿದೆ, ಓದಿಕೊಳ್ಳಿ.

ಬಟ್ಟೆ: ಊಟದ ಹಾಲ್‌ಗೆ ಈಜುಡುಗೆ, ಒದ್ದೆ ಬಟ್ಟೆ ಬೇಡ. ಒಂದೋ ಎರಡೋ ರಾತ್ರಿ ಅಲಂಕಾರದ ಊಟ ಇರುತ್ತದೆ, ಒಂದು ಒಳ್ಳೆಯ ಜೊತೆ ಸಾಕು. ಇಷ್ಟ ಇಲ್ಲದಿದ್ದರೆ ಆ ರಾತ್ರಿ ಬಫೆಯಲ್ಲಿ ಉಣ್ಣಬಹುದು, ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಕೊನೆಯ ರಾತ್ರಿ ನಂಬರಿನ ಚೀಟಿ ಕಟ್ಟಿ ಸೂಟ್‌ಕೇಸ್‌ಗಳನ್ನು ಬಾಗಿಲ ಹೊರಗೆ ಇಡಬೇಕು. ರಾತ್ರಿಯೇ ತೆಗೆದುಕೊಂಡು ಹೋಗಿ ಬೆಳಗ್ಗೆ ಟರ್ಮಿನಲ್‌ನಲ್ಲಿ ಸಾಲಾಗಿ ಇಟ್ಟಿರುತ್ತಾರೆ. ಮರುದಿನ ಹಾಕುವ ಬಟ್ಟೆ, ಚಪ್ಪಲಿ, ಮಾತ್ರೆ, ಪಾಸ್‌ಪೋರ್ಟ್ ಹೊರಗೆ ತೆಗೆದಿಟ್ಟುಕೊಂಡೇ ಕಟ್ಟಿ. ಪ್ರತಿ ಸಲವೂ ಯಾರಾದರೂ ಒಬ್ಬರು ರಾತ್ರಿಯುಡುಪಿನಲ್ಲೇ ಕೌಂಟರ್ ಹತ್ತಿರ ಬಂದು ಪ್ಯಾಂಟ್ ಕೇಳುತ್ತಾ ನಿಂತಿರುತ್ತಾರೆ. 'ನಾವೇ ಹೊತ್ತುಕೊಂಡು ಬೇಗ ಇಳಿಯುತ್ತೇವೆ' ಎಂಬ ಆಯ್ಕೆಯೂ ಇದೆ, ನಿಮ್ಮ ಜೊತೆಗಿರುವವರಿಗೆ ಅದು ಬೇಡ. ಬೆಳಗ್ಗೆ ಎಂಟರ ಹೊತ್ತಿಗೆ ಕ್ಯಾಬಿನ್ ಖಾಲಿ ಮಾಡಿಸುತ್ತಾರೆ, ಏಕೆಂದರೆ ಮಧ್ಯಾಹ್ನಕ್ಕೆ ಮುಂದಿನ ಪ್ರಯಾಣಿಕರು ಬರುತ್ತಾರೆ. ವಾಪಸ್ ವಿಮಾನ ಮಧ್ಯಾಹ್ನದ ನಂತರವೇ ಇರಲಿ.

ಇನ್ಶೂರೆನ್ಸ್ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ, ಆದರೆ ಖರ್ಚು ಬೇರೆ, ಅದು ಟಿಕೆಟ್‌ನಲ್ಲಿ ಸೇರಿಲ್ಲ. ದೊಡ್ಡ ತೊಂದರೆಯಾದರೆ ದಡದ ಆಸ್ಪತ್ರೆಗೆ ಸಾಗಿಸಬೇಕು, ಕೆಲವೊಮ್ಮೆ ಹೆಲಿಕಾಪ್ಟರ್‌ನಲ್ಲಿ. ಆ ಸಾಗಿಸುವ ಖರ್ಚನ್ನೂ, ಮೊದಲೇ ಇರುವ ಕಾಯಿಲೆಯನ್ನೂ ಒಳಗೊಂಡ ಪಾಲಿಸಿ ಹುಡುಕಿ. ಅಪ್ಪನ ಶುಗರ್ ವಿಷಯ ಅರ್ಜಿಯಲ್ಲಿ ಮುಚ್ಚಿಡಬೇಡಿ.

ಡೆಕ್_ನಾಲ್ಕು:

ಇನ್ಸುಲಿನ್ ವಿಷಯ ನಾನು ಹೇಳುತ್ತೇನೆ. ಕ್ಯಾಬಿನ್‌ನಲ್ಲಿರುವ ಸಣ್ಣ ಫ್ರಿಜ್ ಎಷ್ಟೋ ಸಲ ಪಾನೀಯ ತಣ್ಣಗಿಡುವಷ್ಟೇ ಇರುತ್ತದೆ, ಔಷಧಿಗೆ ಬೇಕಾದಷ್ಟು ತಂಪು ಇರುವುದಿಲ್ಲ. ಹೊರಡುವ ಮೊದಲೇ ಕಂಪನಿಗೆ ಬರೆದು 'ಔಷಧಿ ಇಡುವ ಫ್ರಿಜ್ ಬೇಕು' ಎಂದು ಕೇಳಿ. ಡಾಕ್ಟರ್ ಚೀಟಿ, ಔಷಧಿಯ ಮೂಲ ಪೆಟ್ಟಿಗೆ ಜೊತೆಗಿರಲಿ. ಏಳು ದಿನಕ್ಕೆ ಬೇಕಾದ್ದಕ್ಕಿಂತ ಜಾಸ್ತಿಯೇ ತನ್ನಿ, ಹವಾಮಾನ ಕೆಟ್ಟರೆ ಹಡಗು ವಾಪಸ್ ಬರುವುದು ತಡವಾಗಬಹುದು. ಎಲ್ಲವನ್ನೂ ಒಂದೇ ಚೀಲದಲ್ಲಿ ಇಡದೆ ಎರಡು ಕೈಚೀಲಕ್ಕೆ ಹಂಚಿ.

ಬಳಸಿದ ಸೂಜಿಗಳನ್ನು ಮಾತ್ರ ಕಸದ ಬುಟ್ಟಿಗೆ ಹಾಕಬೇಡಿ. ಹಡಗಿನಲ್ಲಿ ಕಸವನ್ನು ಕೈಯಿಂದಲೇ ಬೇರೆ ಬೇರೆ ಮಾಡುತ್ತಾರೆ, ಬಟ್ಟೆಯ ಮಡಿಕೆಯಲ್ಲಿ ಉಳಿದ ಸೂಜಿಯೂ ಒಗೆಯುವವರ ಕೈಗೆ ಚುಚ್ಚುತ್ತದೆ. ಮೊದಲ ದಿನವೇ ಸ್ಟೂವರ್ಡ್ ಹತ್ತಿರ ಸೂಜಿ ಹಾಕುವ ಗಟ್ಟಿ ಡಬ್ಬಿ ಕೇಳಿ, ತಂದುಕೊಡುತ್ತಾರೆ. ಇಳಿಯುವ ದಿನ ಅದನ್ನು ಮುಚ್ಚಿ ಮೇಜಿನ ಮೇಲೆ ಬಿಟ್ಟು, ಅವರಿಗೆ ಒಂದು ಮಾತು ಹೇಳಿ ಬನ್ನಿ.